ಹಳೆ ಪುಸ್ತಕಕ್ಕೂ ಬೆಲೆ ಐತಿ

(ಅರಕೇರಾದಲ್ಲಿ, ಹೊಸದಾಗಿ ಓದು ಬರಹ ಕಲಿತ ಹೆಣ್ಣುಮಕ್ಕಳ ಮುಂದೆ ಆಡಿದ ಮಾತು)



ಹತ್ತಿ ಬಿಡಿಸಿ ಈಗ ಬಂದಿದ್ದೀರಿ. ಇನ್ನು ಹೋಗಿ ರೊಟ್ಟಿ ಬಡೀಬೇಕು. ಅದಕ್ಕೇ ಹೆಚ್ಚು ಹೊತ್ತು ಕೂರಿಸುವುದಿಲ್ಲ. ಮಕ್ಕಳು ಓದಿ ಬಿಟ್ಟ ಪುಸ್ತಕ ನಿಮ್ಮ ಮನೆಯಲ್ಲಿ ಇರುತ್ತವಲ್ಲ, ಅವುಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಓಣಿಯಲ್ಲಿ ಸ್ಟೀಲ್ ಪಾತ್ರೆಯವರು ಬರುತ್ತಾರೆ. ಹಳೆ ಸೀರೆ, ಹಳೆ ಪ್ಯಾಂಟು ಕೊಟ್ಟರೆ ಪಾತ್ರೆ ಕೊಡುತ್ತಾರೆ. ಅವರು ಕೊಟ್ಟಿದ್ದಕ್ಕೆ ನೀವು ಸುಮ್ಮನೆ ಹೂಂ ಅನ್ನುತ್ತೀರೇನು? ಇಲ್ಲ. "ಈ ಸೀರಿ ಇನ್ನೂ ಗಟ್ಟಿ ಐತಿ, ಅಂಚು ನೋಡು, ದೊಡ್ಡ ಡಬರಿ ಕೊಡು" ಅಂತ ಹಟ ಹಿಡಿಯುತ್ತೀರಿ. ಪಾತ್ರೆ ಬಾರಿಸಿ ನೋಡುತ್ತೀರಿ. ತಳ ಒತ್ತಿ ನೋಡುತ್ತೀರಿ. ಬಾಚಿದಾಗ ಉದುರಿದ ಕೂದಲನ್ನೂ ಸುತ್ತಿ ಗೋಡೆ ಸಂದಿಯಲ್ಲಿ ಇಟ್ಟು, ಅದಕ್ಕೆ ಪಿನ್ನು ಸೂಜಿ ತಗೊಳ್ಳುತ್ತೀರಿ.

ಪುಸ್ತಕ ಮಾತ್ರ ನೇರವಾಗಿ ರದ್ದಿಯವನ ತಕ್ಕಡಿಗೆ ಹೋಗುತ್ತದೆ. ಕಿಲೋಕ್ಕೆ ಹತ್ತೋ ಹದಿನೈದೋ ರೂಪಾಯಿ. ಕೂದಲಿಗೆ ಚೌಕಾಸಿ ಮಾಡುವ ನಾವು ಪುಸ್ತಕಕ್ಕೆ ಯಾಕೆ ಮಾಡುವುದಿಲ್ಲ? ಸೀರೆಯ ಬೆಲೆ ಕೈಗೆ ಗೊತ್ತಾಗುತ್ತದೆ. ಪುಸ್ತಕದ ಬೆಲೆ ಓದಿದರೆ ಗೊತ್ತಾಗುತ್ತದೆ. ಇಷ್ಟು ದಿನ ಓದು ಇರಲಿಲ್ಲ. ಈಗ ಇದೆ.

ನಾನು ಕಂಡ ಒಂದು ಓಣಿಯ ಸಂಗತಿ ಕೇಳಿ. ಹೆಸರು ಬೇಡ. ಒಂದು ಮನೆಯ ಹುಡುಗಿ ಪಿಯುಸಿ ವಿಜ್ಞಾನ ಮುಗಿಸಿದಳು. ಎರಡು ವರ್ಷದ ಪುಸ್ತಕ ಒಂದು ಚೀಲ ಇದ್ದವು. ರದ್ದಿಯವನು ತೂಗಿ 90 ರೂಪಾಯಿ ಕೊಟ್ಟ. ಆ ದುಡ್ಡು ಉಳ್ಳಾಗಡ್ಡಿ, ಎಣ್ಣೆಗೆ ಹೋಯಿತು. ಅದೇ ಓಣಿಯಲ್ಲಿ ನಾಲ್ಕು ಮನೆ ಆಚೆ ಇನ್ನೊಬ್ಬ ಹುಡುಗಿ ಹತ್ತನೇ ತರಗತಿ ಒಳ್ಳೆಯ ಅಂಕದಲ್ಲಿ ಪಾಸಾಗಿದ್ದಳು. ನರ್ಸ್ ಆಗುವ ಆಸೆ. ಅದಕ್ಕೆ ವಿಜ್ಞಾನ ತಗೊಳ್ಳಬೇಕು ಅಂದುಕೊಂಡಿದ್ದಳು. ಪುಸ್ತಕಕ್ಕೆ ಎರಡು ಸಾವಿರ ದಾಟುತ್ತದೆ ಅಂತ ಕೇಳಿದ ಅವರವ್ವ, "ಬ್ಯಾಡವ್ವ, ಆರ್ಟ್ಸ್ ತಗೋ" ಅಂದಳು. ಹುಡುಗಿ ಆರ್ಟ್ಸ್ ತಗೊಂಡಳು. ಆರ್ಟ್ಸ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಅವಳು ಬೇಡಿದ್ದು ಅದಲ್ಲ. ಆ ಇಬ್ಬರು ತಾಯಂದಿರೂ ದಿನಾ ಒಂದೇ ನಳದಲ್ಲಿ ನೀರು ಹಿಡಿಯುವವರು. ಒಂದು ಮಾತು ಆಡಿದ್ದರೆ ಆ ಚೀಲ ನಾಲ್ಕು ಮನೆ ದಾಟುತ್ತಿತ್ತು. ಇವಳಿಗೆ ಏಳೆಂಟು ನೂರು ಸಿಗುತ್ತಿತ್ತು, ಅವಳಿಗೆ ಸಾವಿರದ ಮೇಲೆ ಉಳಿಯುತ್ತಿತ್ತು.

ಶಹರದಲ್ಲಿ ಇದೇ ಒಂದು ವ್ಯಾಪಾರ. ನಮ್ಮ ದೇವದುರ್ಗ ಕಡೆಯ ಜನ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ಮೆಜೆಸ್ಟಿಕ್ ಬಸ್ ನಿಲ್ದಾಣ ಗೊತ್ತು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಅವೆನ್ಯೂ ರೋಡ್ ಇದೆ. ಅಲ್ಲಿ ಕಾಲೇಜು ಹುಡುಗರು ಹಳೆ ಪುಸ್ತಕ ಮಾರುತ್ತಾರೆ, ಮುಂದಿನ ವರ್ಷದ್ದನ್ನು ಅರ್ಧ ಬೆಲೆಗೆ ಹೊತ್ತು ಒಯ್ಯುತ್ತಾರೆ. ಅದೇ ಊರಲ್ಲಿ ಸೆಲೆಕ್ಟ್ ಎಂಬ ಹಳೆ ಪುಸ್ತಕದ ಅಂಗಡಿ 1945ರಲ್ಲಿ ಶುರುವಾಯಿತು. ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್ ಅಂತ ದೊಡ್ಡ ಅಂಗಡಿ ಇದೆ. ಅದನ್ನು ಕಟ್ಟಿದ ಮಾಯಿಗೌಡರು ಇಂಜಿನಿಯರಿಂಗ್ ಓದಿದವರು. ಮೊದಲು ಫುಟ್‌ಪಾತಿನ ಮೇಲೆ ಹಳೆ ಪುಸ್ತಕ ಹರವಿ ಮಾರುತ್ತಿದ್ದರು. ಅಲ್ಲಿ ಇಂಗ್ಲಿಷ್ ಪುಸ್ತಕವೇ ಹೆಚ್ಚು, ನಮಗೆ ಅಷ್ಟು ಉಪಯೋಗವಿಲ್ಲ. ಆದರೆ ಹಳೆ ಪುಸ್ತಕ ನಂಬಿ ಬದುಕು ಕಟ್ಟಬಹುದು ಅಂತ ತಿಳಿಯಲಿ ಎಂದು ಹೇಳಿದೆ.

ರಾಯಚೂರಿನಲ್ಲಿ ರೈಲು ಹತ್ತಿದರೆ ಹೈದರಾಬಾದು ಇನ್ನೂ ಹತ್ತಿರ. ಅಲ್ಲಿ ಕೋಠಿಯಲ್ಲಿ ಹಳೆ ಪಠ್ಯಪುಸ್ತಕದ ಅಂಗಡಿಗಳಿವೆ. ಅಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತ್ ಮೇಲೆ ಪುಸ್ತಕದ ಸಂತೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿದ್ದರೆ ಹೋಗಬಹುದು. ಕನ್ನಡ ಪುಸ್ತಕಕ್ಕೆ ಅಲ್ಲಿಗೆ ಹೋಗಿ ಬಸ್ಸು ರೈಲಿನ ಖರ್ಚು ಮಾಡಬೇಡಿ.

ಹಾಗಾದರೆ ನಮ್ಮ ಕಡೆ ಹೇಗೆ ಹುಡುಕುವುದು? ಬೋರ್ಡು ನೋಡಿ ಹುಡುಕಿದರೆ ಸಿಗುವುದಿಲ್ಲ. ಬಾಯಿ ಬಿಟ್ಟು ಕೇಳಬೇಕು. ದೇವದುರ್ಗ, ಮಾನ್ವಿ, ರಾಯಚೂರಿಗೆ ಸಂತೆಗೋ ದವಾಖಾನೆಗೋ ಹೋಗಿಯೇ ಹೋಗುತ್ತೀರಿ. ಕಾಲೇಜಿನ ಹತ್ತಿರದ ಬುಕ್ ಡಿಪೋದಲ್ಲಿ ಕೇಳಿ: "ಹಳೆ ಬುಕ್ ತಗೋತೀರೇನ್ರಿ? ಬದಲಿ ಬುಕ್ ಕೊಡ್ತೀರೇನ್ರಿ?" ಒಬ್ಬರು ಇಲ್ಲ ಅಂದರೆ, "ಯಾರು ತಗೋತಾರ್ರಿ?" ಅಂತ ಕೇಳಿ. ಝೆರಾಕ್ಸ್ ಅಂಗಡಿಯವರಿಗೆ ಇಂಥ ಸುದ್ದಿ ಬಹಳ ಗೊತ್ತಿರುತ್ತದೆ. ಊರಿನ ಗ್ರಂಥಾಲಯದಲ್ಲಿ ನೌಕರಿ ಪರೀಕ್ಷೆಗೆ ಓದುವ ಹುಡುಗರನ್ನೂ ಕೇಳಿ. 2013ರಲ್ಲಿ 371(ಜೆ) ಕಾನೂನು ಜಾರಿಗೆ ಬಂದ ಮೇಲೆ ನಮ್ಮ ಭಾಗದವರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲು ಸಿಕ್ಕಿತು. ಪಿಡಿಒ, ಪೊಲೀಸ್ ಪರೀಕ್ಷೆ ಅಂತ ಹುಡುಗರು ದುಡ್ಡು ಹಾಕಿ ಪುಸ್ತಕ ಕೊಳ್ಳುತ್ತಾರೆ. ನೌಕರಿ ಸಿಕ್ಕವನಿಗೆ ಆ ಪುಸ್ತಕ ಬೇಡ. ನಿಮ್ಮ ಮಗಳಿಗೆ ಬೇಕು.

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಪುಸ್ತಕ ಓದಿ ನೋಡಿ. ಒಳಗಿನ ಪಾಠ ಓದದಿದ್ದರೂ ನಡೆಯುತ್ತದೆ. ಹಿಂದಿನ ರಟ್ಟಿನ ಮೇಲೆ ಬೆಲೆ ಇರುತ್ತದೆ. ಮುಂದಿನ ಒಂದೆರಡು ಹಾಳೆ ತಿರುವಿದರೆ ಅಚ್ಚಾದ ವರ್ಷ ಇರುತ್ತದೆ. ಇವೆರಡೇ ಮುಖ್ಯ. ಕನ್ನಡ ಮಾಧ್ಯಮವೋ, ಇಂಗ್ಲಿಷೋ ನೋಡಿ. ಹಾಳೆ ಹರಿದಿದೆಯೇ ಎಣಿಸಿ.

ವರ್ಷ ಯಾಕೆ ನೋಡಬೇಕು? ಪಾಠ ಬದಲಾಗುತ್ತವೆ. ಪಿಯುಸಿ ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪುಸ್ತಕ ಓದಿಸುತ್ತಾರೆ. 2022ರಲ್ಲಿ ಅವುಗಳಿಂದ ಕೆಲವು ಪಾಠ ತೆಗೆದರು. ಅದಕ್ಕೂ ಹಳೆಯದು ಕೊಳ್ಳುವಾಗ ಮಾಸ್ತರರನ್ನು ಒಂದು ಮಾತು ಕೇಳಿ. ಪ್ರಚಲಿತ ವಿದ್ಯಮಾನ ಅಂತ ಬರೆದ ಪುಸ್ತಕ ನಿನ್ನೆಯ ಸಾರಿನ ಹಾಗೆ. ವರ್ಷ ಕಳೆದರೆ ಹಳಸುತ್ತದೆ, ಪುಕ್ಕಟೆ ಕೊಟ್ಟರೂ ಬೇಡ. ವ್ಯಾಕರಣ, ನಿಘಂಟು ಉಪ್ಪಿನಕಾಯಿ ಇದ್ದ ಹಾಗೆ. ಹಳೆಯದಾದರೂ ಕೆಡುವುದಿಲ್ಲ.

ಈಗ ವ್ಯವಹಾರ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ನಿಮ್ಮ ಪುಸ್ತಕದ ಬೆಲೆ 300 ರೂಪಾಯಿ. ಅಂಗಡಿಯವನು ಅದನ್ನು 150ಕ್ಕೆ ಮಾರುತ್ತಾನೆ. ನಿಮಗೆ ರೊಕ್ಕ ಕೊಡುವುದಾದರೆ 75 ಕೊಟ್ಟಾನು. ಇದು ಮೋಸವಲ್ಲ. ಅವನಿಗೂ ಬಾಡಿಗೆ ಐತಿ, ಪುಸ್ತಕ ವರ್ಷಗಟ್ಟಲೆ ಕೂತರೂ ಕೂತೀತು. ಆದರೆ ನೀವು ರೊಕ್ಕ ಬೇಡ, ಬದಲಿ ಪುಸ್ತಕ ಕೊಡ್ರಿ ಅನ್ನಿ. ಆಗ ಅದೇ ಪುಸ್ತಕಕ್ಕೆ 100 ಹಿಡಿಯಲು ಒಪ್ಪಬಹುದು. ಯಾಕೆಂದರೆ ನಿಮ್ಮ ಪುಸ್ತಕ ಬರುವಾಗಲೇ ಅವನದೊಂದು ಹೋಗುತ್ತದೆ, ಅದರಲ್ಲೂ ಅವನಿಗೆ ಲಾಭ. ಪಾತ್ರೆಯವಳೂ ಸೀರೆಗೆ ರೊಕ್ಕ ಕೊಡುವುದಿಲ್ಲ, ಪಾತ್ರೆಯನ್ನೇ ಕೊಡುತ್ತಾಳೆ ನೋಡಿ. ಅದೇ ಲೆಕ್ಕ.

ಬೇಕಾದ ಪುಸ್ತಕ ಆ ದಿನ ಇಲ್ಲದಿದ್ದರೆ ಬಾಕಿ ಚೀಟಿ ಬರೆಸಿಕೊಳ್ಳಿ. ತಾರೀಖು, ಮೊತ್ತ, ಸಹಿ ಇರಲಿ. ಅಲ್ಲೇ ನಿಂತು ಓದಿ ನೋಡಿ ತಗೊಳ್ಳಿ.

ಸೀರೆ ಉಟ್ಟು, ಚೀಲ ಹಿಡಿದು ಹೋದರೆ ಕೆಲವರು ತಾತ್ಸಾರ ಮಾಡುತ್ತಾರೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ನೂರು ಹೆಣ್ಣುಮಕ್ಕಳಲ್ಲಿ ಓದು ಬರಹ ಬಲ್ಲವರು ಸುಮಾರು 49 ಮಂದಿ. ಅಂಗಡಿಯವನ ಮನಸ್ಸಿನಲ್ಲೂ ಅದೇ ಅಂದಾಜು. "ಯವ್ವಾ, ಹಳೇದೈತಿ, ಇಪ್ಪತ್ತು ರೂಪಾಯಿ ತಗೊಂಡು ಹೋಗು" ಅಂತಾನೆ. ಆಗ ಸಿಟ್ಟಾಗಬೇಡಿ. ಪುಸ್ತಕ ತಿರುವಿ ಗಟ್ಟಿಯಾಗಿ ಓದಿ: "ಬೆಲೆ ಮುನ್ನೂರು ರೂಪಾಯಿ. ಅಚ್ಚಾದದ್ದು ಹೋದ ವರ್ಷ. ಈಗ ಹೇಳ್ರಿ." ಅಕ್ಷರ ಕೂಡಿಸಿ ಕೂಡಿಸಿ ಓದಿದರೂ ಸರಿ. ಅವನು ಕಾಯಲಿ.

ಹೋಗುವ ಹೊತ್ತೂ ನೋಡಿ. ಕಾಲೇಜು ತೆರೆಯುವ ದಿನಗಳಲ್ಲಿ ಪುಸ್ತಕಕ್ಕೆ ಕೇಳುವವರು ಹೆಚ್ಚು, ಆಗ ಮಾರಿ. ದೀಪಾವಳಿ ಹೊತ್ತಿಗೆ ಒಯ್ದರೆ ಅವನು ಮುಖ ತಿರುಗಿಸುತ್ತಾನೆ.

ಇನ್ನು ಮಾರಬಾರದ್ದು. ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಪಠ್ಯಪುಸ್ತಕ ಪುಕ್ಕಟೆ ಕೊಡುತ್ತಾರೆ. ಪುಕ್ಕಟೆ ಬಂದದ್ದನ್ನು ಮಾರುವುದು ಬೇಡ. ಓಣಿಯ ಸಣ್ಣ ಮಕ್ಕಳಿಗೆ ಕೊಡಿ, ಇಲ್ಲವೇ ಶಾಲೆಗೆ ತಿರುಗಿ ಕೊಡಿ. ಗ್ರಂಥಾಲಯದ ಸಿಕ್ಕಾ ಇದ್ದ ಪುಸ್ತಕ ಮುಟ್ಟಬೇಡಿ. ಮಗಳ ಪುಸ್ತಕವನ್ನು ಅವಳನ್ನು ಕೇಳದೆ ಮಾರಬೇಡಿ. ಒಂದು ವಿಷಯದಲ್ಲಿ ನಪಾಸಾಗಿದ್ದರೆ ಮತ್ತೆ ಕಟ್ಟಿ ಬರೆಯಬಹುದು. ಪುಸ್ತಕವೇ ಹೋದರೆ ಮನೆಯವರು "ಆತು ಬಿಡು, ಮದುವಿ ಮಾಡೋಣ" ಅನ್ನುತ್ತಾರೆ. ಅದು ನಿಮಗೇ ಗೊತ್ತು.

ಅಂಗಡಿ ದೂರ, ಬಸ್ ಚಾರ್ಜು ಹೆಚ್ಚು ಅನ್ನುವವರಿಗೆ ಒಂದು ದಾರಿ. ನಮ್ಮ ಸಂಘದಲ್ಲೇ ಒಂದು ನೋಟುಬುಕ್ ಇಡೋಣ. ಯಾರ ಮನೆಯಲ್ಲಿ ಯಾವ ತರಗತಿಯ ಪುಸ್ತಕ ಇದೆ, ಯಾರಿಗೆ ಯಾವುದು ಬೇಕು, ಬರೆಯೋಣ. ಬೆಲೆ ಅರ್ಧ ಅಂತ ಸಂಘವೇ ಗೊತ್ತು ಮಾಡಲಿ. ಬದಲಿಗೆ ಬದಲಿ ಆದರೆ ರೊಕ್ಕದ ಮಾತೇ ಬೇಡ. ನಿಮಗಾಗಿ ಕೊಂಡ ಕಥೆ ಪುಸ್ತಕವನ್ನೂ ಬರೆಸಿ. ಒಬ್ಬರು ಓದಿ ಇನ್ನೊಬ್ಬರಿಗೆ ಕೊಟ್ಟರೆ, ಒಂದು ಕೊಂಡವರು ಹತ್ತು ಓದಬಹುದು. ಯಾರಿಗೂ ಬೇಡವಾದದ್ದನ್ನು ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಡೋಣ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು.

ನೋಟುಬುಕ್ ನಾನು ತಂದಿದ್ದೇನೆ. ಮೊದಲ ಹಾಳೆ ಖಾಲಿ ಐತಿ. ಮುಂದಿನ ಸೋಮವಾರ ಬರುವಾಗ ಮನೆಯಲ್ಲಿರುವ ಒಂದೊಂದು ಪುಸ್ತಕ ತನ್ನಿ. ಬೆಲೆ, ವರ್ಷ ನೀವೇ ಓದಿ, ನೀವೇ ಬರೆಯಿರಿ.