ಶಿಶುಗಳ ವಾಂತಿಭೇದಿ ಬೇನೆಯೂ ವೈದ್ಯರ ಶೋಧನೆಯೂ



ಶಿಶುಗಳಿಗೆ ಬರುವ ಬೇನೆಗಳಲ್ಲಿ ವಾಂತಿಭೇದಿಯು ಅತಿ ಸಾಮಾನ್ಯವಾದುದು. ಅಷ್ಟೇ ಬೇಗನೆ ಪ್ರಾಣಾಪಾಯವನ್ನು ತರತಕ್ಕುದು. ಮುಂಜಾನೆ ಆಡುತ್ತಿದ್ದ ಕೂಸು ಸಾಯಂಕಾಲಕ್ಕೆ ಕಣ್ಣು ಗುಳಿಬಿದ್ದು ತಾಯಿಯ ಮಡಿಲಲ್ಲಿ ನಿಸ್ತೇಜವಾಗಿ ಮಲಗುವುದುಂಟು. ಇಂತಹ ಮರಣಗಳಿಗೆ ಬಹುಮಟ್ಟಿಗೆ ಕಾರಣವು, ಭೇದಿಯೊಡನೆ ದೇಹದಿಂದ ಹೊರಟುಹೋಗುವ ನೀರು ಮತ್ತು ಲವಣಗಳ ನಷ್ಟವೇ. ಹೀಗಿದ್ದರೂ ‘ನೀರು ಕುಡಿಸಿದರೆ ಭೇದಿ ಹೆಚ್ಚುವುದು’ ಎಂಬ ಭಾವನೆಯು ಅನೇಕ ಮನೆಗಳಲ್ಲಿ ಬೇರೂರಿರುವುದು. ಮಗುವಿನ ಮೇಲಣ ಮಮತೆಯೇ ಮಗುವಿಗೆ ನೀರನ್ನು ತಪ್ಪಿಸುವುದೆಂದರೆ ಎಷ್ಟು ಶೋಚನೀಯ! ಮಮತೆಗೆ ಪರೀಕ್ಷಿತವಾದ ಜ್ಞಾನದ ಆಸರೆಯು ಏಕೆ ಬೇಕೆಂಬುದನ್ನು ಈ ಬೇನೆಯ ಚಿಕಿತ್ಸೆಯ ಇತಿಹಾಸವು ಚೆನ್ನಾಗಿ ತಿಳಿಸಿಕೊಡುವುದು.

1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಎಂಬ ವೈದ್ಯನು ಕಾಲರಾ ರೋಗಿಗಳ ರಕ್ತನಾಳದೊಳಕ್ಕೆ ಉಪ್ಪುನೀರನ್ನು ಸೇರಿಸಿ ಕೆಲವರನ್ನು ಬದುಕಿಸಿದನು. ಮುಂದೆ ಈ ಕ್ರಮವು ಸುಧಾರಿಸಿ ಆಸ್ಪತ್ರೆಗಳಲ್ಲಿ ನೆಲೆಗೊಂಡಿತು. ಆದರೆ ಸೂಜಿ, ಶುದ್ಧವಾದ ದ್ರಾವಣ, ನುರಿತ ಕೈ ಇವು ಮೂರೂ ಇಲ್ಲದ ಹಳ್ಳಿಯ ಮಗುವಿಗೆ ಅದರಿಂದ ಬಂದ ಪ್ರಯೋಜನವು ಅತ್ಯಲ್ಪ. 1953ರಲ್ಲಿ ಕಲಕತ್ತೆಯ ಡಾ. ಹೇಮೇಂದ್ರನಾಥ ಚಟರ್ಜಿಯವರು 186 ಮಂದಿ ಕಾಲರಾ ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸು ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿ ಗುಣಪಡಿಸಿದ ವಿಷಯವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೋಲಿಸಿ ನೋಡಲು ಬೇರೊಂದು ರೋಗಿಗಳ ಗುಂಪು ಅದರಲ್ಲಿ ಇರಲಿಲ್ಲವಾದುದರಿಂದ ವೈದ್ಯಲೋಕವು ಅದಕ್ಕೆ ಕಿವಿಗೊಡಲಿಲ್ಲ. ಮಾರ್ಗವು ಸರಿಯಾಗಿದ್ದರೂ ಪ್ರಮಾಣವು ಸಾಲದಾಯಿತು.

1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿಯು ಕರುಳಿನ ಒಂದು ಗುಟ್ಟನ್ನು ಹೊರಗೆಡಹಿದನು. ಕರುಳಿನ ಒಳಪದರವು ಗ್ಲೂಕೋಸನ್ನು ಹೀರುವಾಗ ಉಪ್ಪಿನಲ್ಲಿರುವ ಸೋಡಿಯಮ್ಮನ್ನೂ ಜೊತೆಗೂಡಿಯೇ ಒಳಕ್ಕೆ ಎಳೆದುಕೊಳ್ಳುವುದು. ಇವೆರಡರ ಬೆನ್ನಹಿಂದೆ ನೀರೂ ಹೋಗುವುದು. ಭೇದಿಯ ಕಾಲದಲ್ಲಿಯೂ ಈ ದ್ವಾರವು ಮುಚ್ಚುವುದಿಲ್ಲ. ಆದರೆ ತತ್ತ್ವವನ್ನು ಅರಿತ ಮಾತ್ರಕ್ಕೆ ಕಾರ್ಯವು ಸಿದ್ಧಿಸಲಿಲ್ಲ. 1962ರ ಸುಮಾರಿಗೆ ಫಿಲಿಪೈನ್ಸಿನಲ್ಲಿ ಪಾನೀಯದ ಪ್ರಮಾಣವು ಹೊಂದದೆ ಕೆಲವರು ರೋಗಿಗಳು ಮೃತರಾದರು. ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ತರುಣ ವೈದ್ಯರು ಢಾಕಾ ನಗರದ ಕಾಲರಾ ಪ್ರಯೋಗಾಲಯದಲ್ಲಿ, ರೋಗಿಯು ಕಳೆದುಕೊಂಡ ನೀರನ್ನು ಅಳೆದು, ಅಷ್ಟೇ ಪಾನೀಯವನ್ನು ಕುಡಿಸಿ ನೋಡಿದರು. ರಕ್ತನಾಳದ ಮೂಲಕ ಕೊಡಬೇಕಾದ ದ್ರಾವಣವು ಇದರಿಂದ ನೂರಕ್ಕೆ 80ರಷ್ಟು ಉಳಿಯುವುದೆಂದು 1968ರಲ್ಲಿ ಅವರು ಪ್ರಕಟಿಸಿದರು. ಮೊದಲು ವಯಸ್ಕರಲ್ಲಿ ನಡೆದ ಈ ಪರೀಕ್ಷೆಯು ಬಳಿಕ ಮಕ್ಕಳಲ್ಲಿಯೂ ನಡೆದು ಸಫಲವಾಯಿತು.

ಇದರ ನಿಜವಾದ ಪರೀಕ್ಷೆಯು 1971ರಲ್ಲಿ ಒದಗಿತು. ಪೂರ್ವ ಪಾಕಿಸ್ತಾನದಿಂದ ಲಕ್ಷೋಪಲಕ್ಷ ನಿರಾಶ್ರಿತರು ಬಂಗಾಳದ ಗಡಿಯೂರಾದ ಬನಗಾಂವಿಗೆ ಬಂದು ತುಂಬಿದರು. ಅವರ ಹಿಂದೆಯೇ ಕಾಲರಾ ಬಂದಿತು. ಆಸ್ಪತ್ರೆಯಲ್ಲಿ ಹಾಸಿಗೆಗಳು ಸಾಲದೆ ರೋಗಿಗಳು ನೆಲದ ಮೇಲೆ ಬಿದ್ದಿದ್ದರು. ರಕ್ತನಾಳಕ್ಕೆ ಸೇರಿಸುವ ದ್ರಾವಣವು ಮುಗಿಯುತ್ತ ಬಂದಾಗ ಮಕ್ಕಳ ವೈದ್ಯರಾದ ಡಾ. ದಿಲೀಪ್ ಮಹಲನಬಿಸ್ ಅವರು ಒಂದು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಅಡಿಗೆಯ ಉಪ್ಪು, 2.5 ಗ್ರಾಂ ಅಡಿಗೆಯ ಸೋಡಾ ಇವುಗಳನ್ನು ಬೆರೆಸಿ ಪೀಪಾಯಿಗಳಲ್ಲಿ ತುಂಬಿಸಿಟ್ಟರು. ತಾಯಂದಿರೂ ಬಂಧುಗಳೂ ಲೋಟಗಳಲ್ಲಿ ಹಿಡಿದು ತಮ್ಮವರಿಗೆ ಕುಡಿಸಿದರು. ಮರಣವು ನೂರಕ್ಕೆ 30ರ ವರೆಗೂ ಏರಿದ್ದ ಆ ಸಮಯದಲ್ಲಿ, ಹೀಗೆ ಉಪಚರಿಸಿದ ಮೂರು ಸಾವಿರಕ್ಕೂ ಮೇಲ್ಪಟ್ಟ ರೋಗಿಗಳಲ್ಲಿ ಅದು ನೂರಕ್ಕೆ 3.6ಕ್ಕೆ ಇಳಿಯಿತು. ವೈದ್ಯನ ಕೈಯಲ್ಲಿದ್ದ ಜೀವದಾನವು ಅಂದು ತಾಯಿಯ ಕೈಗೆ ಬಂದಿತು. 2022ರಲ್ಲಿ ಕಾಲವಾದ ಆ ಮಹನೀಯರಿಗೆ 2023ರಲ್ಲಿ ಪದ್ಮವಿಭೂಷಣವು ಮರಣೋತ್ತರವಾಗಿ ಸಂದಿತು.

ಶೋಧನೆಯು ಅಲ್ಲಿಗೆ ನಿಲ್ಲಲಿಲ್ಲ. ಗುಣಕಾರಿಯೆಂದು ಲೋಕವೇ ಒಪ್ಪಿದ ಆ ಪಾನೀಯವನ್ನೂ ವೈದ್ಯರು ಮರಳಿ ಪರೀಕ್ಷೆಗೆ ಒಡ್ಡಿದರು. ಭಾರತವೂ ಸೇರಿದಂತೆ ಐದು ದೇಶಗಳ 675 ಮಂದಿ ಶಿಶುಗಳನ್ನು ಎರಡು ಗುಂಪು ಮಾಡಿ, ಹಳೆಯ ಪಾನೀಯವನ್ನೂ ಉಪ್ಪು ಮತ್ತು ಗ್ಲೂಕೋಸು ಕಡಿಮೆಯಿರುವ ಹೊಸ ಪಾನೀಯವನ್ನೂ ಕೊಟ್ಟು ಹೋಲಿಸಿದ ವರದಿಯು 2001ರಲ್ಲಿ ಹೊರಬಂದಿತು. ಹಳೆಯದನ್ನು ಕುಡಿದವರಲ್ಲಿ ನೂರಕ್ಕೆ 15 ಮಂದಿಗೆ ಮತ್ತೆ ಸೂಜಿಯ ಮೂಲಕ ದ್ರಾವಣವು ಬೇಕಾಯಿತು. ಹೊಸದನ್ನು ಕುಡಿದವರಲ್ಲಿ ನೂರಕ್ಕೆ 10 ಮಂದಿಗೆ ಮಾತ್ರ. ಇಂದಿನ ಓ.ಆರ್.ಎಸ್. ಪೊಟ್ಟಣದಲ್ಲಿರುವುದು ಈ ಹೊಸ ಪ್ರಮಾಣವೇ. ದೆಹಲಿಯಲ್ಲಿ 937 ಮಂದಿ ಮಕ್ಕಳ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಪರೀಕ್ಷೆಯು, ಸತುವನ್ನು ಕೊಟ್ಟರೆ ಭೇದಿಯು ಬೇಗ ನಿಲ್ಲುವುದೆಂದು ತೋರಿಸಿತು. ಅದರಿಂದಲೇ 2004ರಿಂದ ಓ.ಆರ್.ಎಸ್. ಜೊತೆಗೆ 10ರಿಂದ 14 ದಿನಗಳ ವರೆಗೆ ಸತುವನ್ನು ಕೊಡುವ ವಿಧಿಯು ಬಂದಿರುವುದು: ಆರು ತಿಂಗಳೊಳಗಿನ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಅದಕ್ಕೆ ಮೇಲ್ಪಟ್ಟ ಮಗುವಿಗೆ 20.

ರೋಗದ ಬಲಾಬಲವನ್ನು ಅರಿಯುವುದಕ್ಕೂ ಸುಲಭವಾದ ಗುರುತುಗಳಿರುವುವು. ಮಗುವು ಕಿರಿಕಿರಿಗೊಂಡು, ಕಣ್ಣು ಗುಳಿಬಿದ್ದು, ಆತುರದಿಂದ ನೀರು ಕುಡಿಯುತ್ತಿದ್ದರೆ ದೇಹದಲ್ಲಿ ನೀರು ಬತ್ತುತ್ತಿದೆಯೆಂದು ತಿಳಿಯತಕ್ಕದ್ದು. ಮಂಕಾಗಿ ಮಲಗಿ ಕುಡಿಯಲಾರದೆ ಹೋದರೆ, ಅಥವಾ ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ಮೊದಲಿನಂತಾಗಲು ಎರಡು ಸೆಕೆಂಡಿಗೂ ಹೆಚ್ಚು ಹಿಡಿದರೆ ಅಪಾಯವು ಸಮೀಪಿಸಿತೆಂದರ್ಥ. ಅಂತಹ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಲದಲ್ಲಿ ರಕ್ತವು ಕಂಡರೂ ವೈದ್ಯರ ಬಳಿಗೆ ಹೋಗಬೇಕು.

ಆದುದರಿಂದ ಭೇದಿಯು ಮೊದಲಾದ ಗಳಿಗೆಯಿಂದಲೇ ಕುಡಿಸತೊಡಗುವುದು ತಾಯಿತಂದೆಗಳ ಕರ್ತವ್ಯ. ಪೊಟ್ಟಣದ ಮೇಲೆ ಬರೆದಿರುವಷ್ಟೇ ಶುದ್ಧವಾದ ನೀರಿನಲ್ಲಿ ಇಡೀ ಪೊಟ್ಟಣವನ್ನು ಕದಡಬೇಕು; ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಕೇಡುಂಟಾಗುವುದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರು, ದೊಡ್ಡ ಮಗುವಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ತಡೆದು ಚಮಚದಿಂದ ಮೆಲ್ಲಗೆ ಕುಡಿಸಬೇಕು. ಒಂದು ದಿನ ಕಳೆದ ಪಾನೀಯವನ್ನು ಚೆಲ್ಲಬೇಕು. ಎದೆಹಾಲನ್ನೂ ಊಟವನ್ನೂ ಎಂದಿಗೂ ನಿಲ್ಲಿಸಬಾರದು.

ಢಾಕೆಯಲ್ಲಿಯೂ ಬನಗಾಂವಿನಲ್ಲಿಯೂ ದೆಹಲಿಯಲ್ಲಿಯೂ ವೈದ್ಯರು ತೂಗಿ ಅಳೆದು ಗಳಿಸಿಕೊಟ್ಟ ಈ ಜ್ಞಾನದ ಬೆಲೆಯು ಅಂಗಡಿಯಲ್ಲಿ ಕೆಲವೇ ರೂಪಾಯಿ. ಆದರೂ ಅದು ತಲುಪದ ಮನೆಗಳಲ್ಲಿ ಇಂದಿಗೂ ಶಿಶುಗಳು ಸಾಯುತ್ತಿರುವುವು. ಕೇಳಿದವರು ತಮ್ಮ ಓಣಿಯ ಒಬ್ಬ ತಾಯಿಗಾದರೂ ಇದನ್ನು ತಿಳಿಯಹೇಳಿದರೆ, ಒಂದು ಕೂಸಾದರೂ ಉಳಿದೀತು. ಅದಕ್ಕಿಂತ ಹಿರಿದಾದ ಸೇವೆ ಯಾವುದು?