ಕಲ್ಲಿಗೆ ಲೈಟು, ಕಾಲುವೆಗೆ ಕತ್ತಲೆ

2024ರ ಆಗಸ್ಟ್ 10ರ ರಾತ್ರಿ ನಿಮಗೆಲ್ಲ ನೆನಪಿರಬೇಕು. ತುಂಗಭದ್ರಾ ಜಲಾಶಯದ 19ನೇ ಗೇಟ್‌ನ ಚೈನ್ ತುಂಡಾಗಿ, ಗೇಟೇ ಕೊಚ್ಚಿಕೊಂಡು ಹೋಯ್ತು. ಮಾರನೇ ದಿನದಿಂದ ಇಡೀ ಕರ್ನಾಟಕದ ಕಣ್ಣು ಆ ಒಂದು ಗೇಟ್ ಮೇಲೆ. ನಾವೂ ಅಲ್ಲೇ ಇದ್ದೆವು, ಕ್ಯಾಮೆರಾ ಹಿಡಿದು. ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿದಾಗ ರೈತರು ಕಣ್ಣೀರು ಹಾಕಿದ್ದನ್ನು ನೀವು ಇದೇ ಪರದೆ ಮೇಲೆ ನೋಡಿದ್ದೀರಿ.

ಆದ್ರೆ ಆ ವಾರ ನಾನು ಟಿವಿಯಲ್ಲಿ ತೋರಿಸದೇ ಇದ್ದ ಒಂದು ವಿಷಯ ಇದೆ. ಇವತ್ತು ಅದನ್ನ ಹೇಳ್ತೀನಿ.

ಲೈವ್ ಮುಗಿಸಿ ಒಂದು ಮಧ್ಯಾಹ್ನ ಹಂಪಿ ಕಡೆ ಹೋಗಿದ್ದೆ. ರಸ್ತೆ ಪಕ್ಕದಲ್ಲಿ ಬಾಳೆ ತೋಟ, ಅದರ ಅಂಚಿನಲ್ಲಿ ತುಂಬಿ ಹರಿಯೋ ಒಂದು ಕಾಲುವೆ. ಒಬ್ಬ ಯಜಮಾನರು ಕಾಲು ತೊಳೀತಾ ಇದ್ದರು. ನನ್ನ ಕೈಯಲ್ಲಿದ್ದ ಮೈಕ್ ನೋಡಿ ನಕ್ಕರು. "ಡ್ಯಾಮಿಂದು ಬೆಳಗ್ಗಿಂದ ಸಂಜಿತನಕ ತೋರ್ಸಾಕತ್ತೀರಿ. ನಮ್ಮ ರಾಯರ ಕಾಲದ ಕಾಲುವಿ ಯಾವಾಗ ತೋರಸ್ತೀರಿ?" ಅಂದ್ರು.

ನಾನು ಎಂಜಿನಿಯರಿಂಗ್ ಓದಿದವನು. ಆದ್ರೂ ಆ ಕಾಲುವೆ ಹೆಸರು ನನಗೆ ಗೊತ್ತಿರಲಿಲ್ಲ. ಅದು ತುರ್ತು ಕಾಲುವೆ.

ಹಂಪಿಗೆ ಹೋದವರೆಲ್ಲ ಇದನ್ನ ದಾಟಿಯೇ ಹೋಗಿರ್ತೀರಿ. ವಿರೂಪಾಕ್ಷನ ಗುಡಿ ಕಡೆಯ ಬಂಡೆಗುಡ್ಡಕ್ಕೂ, ಅರಮನೆಯ ಆವರಣಕ್ಕೂ ನಡುವೆ ಒಂದು ಹಸಿರು ಕಣಿವೆ ಇದೆ. ಸುತ್ತ ಬರೀ ಕಲ್ಲು, ನಡುವೆ ಭತ್ತ, ಬಾಳೆ. ಆ ಹಸಿರು ಬಂದಿದ್ದೇ ಈ ಕಾಲುವೆಯಿಂದ. ಬಡವಿಲಿಂಗದ ಪೀಠ ಸದಾ ನೀರಲ್ಲಿ ಮುಳುಗಿರುತ್ತೆ, ಅಲ್ವಾ? ನಾವು ಫೋಟೋ ತೆಗೆದು, ಕಾಸು ಎಸೆದು ಬರ್ತೀವಿ. ಆ ನೀರು ಎಲ್ಲಿಂದ ಬಂತು ಅಂತ ಕೇಳಲ್ಲ. ಗರ್ಭಗುಡಿಯೊಳಗೇ ನೀರಿನ ಕಾಲುವೆ ಹರಿಸಿದ್ದಾರೆ ಸ್ವಾಮಿ!

ತುರ್ತು ಒಂದೇ ಅಲ್ಲ. ರಾಯ, ಬಸವಣ್ಣ, ಬೆಲ್ಲ, ಕಾಳಘಟ್ಟ, ರಾಮಸಾಗರ, ಕಂಪ್ಲಿ, ಸಿರುಗುಪ್ಪ. ಹೊಳೆಯ ಆಚೆ ದಂಡೆಯಲ್ಲಿ ಹುಲಿಗಿ, ಶಿವಪುರ, ಆನೆಗುಂದಿ, ಗಂಗಾವತಿ. ಇವಕ್ಕೆಲ್ಲ ಸೇರಿ ಸರ್ಕಾರಿ ಕಡತದಲ್ಲಿ ಒಂದೇ ಹೆಸರು, ವಿಜಯನಗರ ಕಾಲುವೆಗಳು. ಇಂದಿನ ವಿಜಯನಗರ, ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಇವು ಇವತ್ತಿಗೂ ಹೊಲಕ್ಕೆ ನೀರು ಕೊಡ್ತಿವೆ.

ಇದು ಹೇಗೆ ಕೆಲಸ ಮಾಡುತ್ತೆ ಅಂತ ಸರಳವಾಗಿ ಹೇಳ್ತೀನಿ. ಹೊಳೆಯಲ್ಲಿ ಸಹಜವಾಗಿಯೇ ಬಂಡೆಗಳು, ನಡುಗಡ್ಡೆಗಳು ಇವೆ. ಅವುಗಳ ನಡುವಿನ ಸಂದಿಯಲ್ಲಿ ದಪ್ಪ ಕಲ್ಲು ಜೋಡಿಸಿ, ಗಿಡ್ಡದಾದ ಒಡ್ಡು ಕಟ್ಟಿದರು. ಒಡ್ಡಿನ ಮುಂದೆ ನೀರು ಸ್ವಲ್ಪ ಏರುತ್ತೆ, ಪಕ್ಕದ ಕಾಲುವೆಗೆ ತಿರುಗುತ್ತೆ. ಪ್ರವಾಹ ಬಂದ್ರೆ? ಒಡ್ಡಿನ ಮೇಲೆ ಹರಿದು ಹೋಗುತ್ತೆ. ಹೊಳೆಗೆ ಅಡ್ಡ ಗೇಟ್ ಇಲ್ಲ, ಚೈನ್ ಇಲ್ಲ, ತುಂಡಾಗೋದಕ್ಕೆ ಏನೂ ಇಲ್ಲ.

ಹಾಗಂತ ಡ್ಯಾಮ್ ಬೇಡ, ಒಡ್ಡೇ ಸಾಕು ಅಂತ ನಾನು ಹೇಳ್ತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಅಂಥ ಮೆಸೇಜ್ ಓಡಾಡ್ತವೆ, ನಂಬಬೇಡಿ. ಒಡ್ಡು ನೀರನ್ನು ತಿರುಗಿಸುತ್ತೆ ಅಷ್ಟೇ, ಕೂಡಿಡಲ್ಲ. ಜಲಾಶಯ ನೂರು ಟಿಎಂಸಿಗೂ ಮೀರಿ ಕೂಡಿಡುತ್ತೆ. ಎರಡೂ ಬೇರೆ ಬೇರೆ ಕೆಲಸ. ಅಷ್ಟೇ ಅಲ್ಲ, 1953ರಲ್ಲಿ ಡ್ಯಾಮ್ ಬಂದಾಗ ಕೆಲವು ಹಳೇ ಒಡ್ಡುಗಳು ಹಿನ್ನೀರಲ್ಲಿ ಮುಳುಗಿಹೋದವು. ಕೃಷ್ಣದೇವರಾಯನ ಕಾಲದ ವಲ್ಲಭಾಪುರದ ಒಡ್ಡು ಅವುಗಳಲ್ಲಿ ಒಂದು. ಅದರಿಂದ ಹೊರಡ್ತಿದ್ದ ಬಸವಣ್ಣ ಕಾಲುವೆಗೆ ಈಗ ಡ್ಯಾಮಿನಿಂದಲೇ ನೀರು. ಹಳೇದು ಹೊಸದನ್ನು ನೆಚ್ಚಿಕೊಂಡು ಬದುಕಿದೆ.

ಇದನ್ನೆಲ್ಲ ಕಟ್ಟಿದವರು ಯಾರು? ರಾಜರ ಹೆಸರು ನಮಗೆ ಗೊತ್ತು. ಎಂಜಿನಿಯರ್ ಹೆಸರು? 1388ರ ಒಂದು ಶಾಸನದಲ್ಲಿ ಒಬ್ಬನ ಹೆಸರು ಸಿಗುತ್ತೆ. ಪೆನುಕೊಂಡೆಗೆ ಹೊಳೆ ನೀರು ತರಬೇಕು ಅಂತ ಬುಕ್ಕರಾಯ ಅಪ್ಪಣೆ ಮಾಡಿದ್ದು ಜಲಸೂತ್ರ ಬಲ್ಲ ಸಿಂಗಾಯಭಟ್ಟನಿಗೆ. ಜಲಸೂತ್ರ! ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನಾನು ಈ ಪದವನ್ನು ಕ್ಲಾಸಿನಲ್ಲಿ ಒಮ್ಮೆಯೂ ಕೇಳಲಿಲ್ಲ. ಇನ್ನು ಕಲ್ಲು ಹೊತ್ತವರ ಹೆಸರು ಶಾಸನದಲ್ಲೂ ಇಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಕಟ್ಟಿಸ್ತಿದ್ದ ಕೆರೆಯ ಏರಿ ಮೇಲೆ ಸಾವಿರಾರು ಜನ ಇರುವೆಗಳ ಹಾಗೆ ಮುತ್ತಿದ್ದನ್ನು ನೋಡಿ ಬೆರಗಾಗಿದ್ದ. ಆ ಸಾವಿರಾರು ಜನರೇ ನಮ್ಮ ಪರಂಪರೆ.

ಈಗ ಅಸಲಿ ಪ್ರಶ್ನೆಗೆ ಬರ್ತೀನಿ. 1986ರಲ್ಲಿ ಹಂಪಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ವರ್ಷವರ್ಷ ಹಂಪಿ ಉತ್ಸವ ಮಾಡ್ತೀವಿ. ವೇದಿಕೆ, ಗಾಯಕರು, ಗೋಪುರಕ್ಕೆ ಬಣ್ಣಬಣ್ಣದ ಲೈಟು. ಮಾಡಲಿ, ಚೆನ್ನಾಗೇ ಇದೆ. ಆದ್ರೆ ಆ ಲೈಟಿನ ಬೆಳಕು ಕಾಲುವೆ ಮೇಲೆ ಯಾಕೆ ಬೀಳಲ್ಲ? ಅರಮನೆ ಪಾಳುಬಿತ್ತು, ಬಜಾರು ಪಾಳುಬಿತ್ತು. ಸಾಮ್ರಾಜ್ಯ ಕಟ್ಟಿದ್ದರಲ್ಲಿ ಇವತ್ತಿಗೂ ದಿನಾ ಡ್ಯೂಟಿ ಮಾಡ್ತಿರೋದು ಕಾಲುವೆ. ಅದಕ್ಕೆ ನಾವು ಕೊಟ್ಟಿರೋದು ಪ್ಲಾಸ್ಟಿಕ್ ಬಾಟಲಿ, ಹೂಳು, ಊರಿನ ಕೊಳಚೆ.

ಇತ್ತೀಚಿನ ವರ್ಷಗಳಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಈ ಕಾಲುವೆಗಳ ಆಧುನೀಕರಣ ನಡೆದಿದೆ. ಅಂದ್ರೆ ಕಾಂಕ್ರೀಟು. ಆ ದಿನ ನನಗೆ ಸಿಟ್ಟಿತ್ತು. ಆ ಯಜಮಾನರನ್ನೇ ಕೇಳಿದೆ: "ರಾಯರ ಕಲ್ಲಿನ ಮೇಲೆ ಸಿಮೆಂಟ್ ಮೆತ್ತೋದು ತಪ್ಪಲ್ವಾ ಯಜಮಾನ್ರೇ?" ಹೌದು ಅಂತಾರೆ, ಒಳ್ಳೇ ಬೈಟ್ ಸಿಗುತ್ತೆ ಅಂತ ಕಾಯ್ತಿದ್ದೆ.

ಅವರು ಹೇಳಿದ್ದು ಬೇರೆ. "ಕಲ್ಲು ನೋಡಾಕ ಚಂದ ಐತ್ರಿ. ನನ್ನ ಹೊಲ ಕಾಲುವಿ ಕೊನ್ಯಾಗೈತಿ. ಮ್ಯಾಲಿನವ್ರಿಗೆ ನೀರು, ನಮಗ ಬರೀ ಹಸಿ ಮಣ್ಣು. ಕೊನೀಮಟ ನೀರು ಬಂದ್ರ ನಾನ್ಯಾಕ ಬ್ಯಾಡ ಅನ್ಲಿ?"

ಆ ಬೈಟ್ ಪ್ರಸಾರ ಆಗಲಿಲ್ಲ. ನನ್ನ ಸ್ಟೋರಿಗೆ ಅದು ಹೊಂದಲಿಲ್ಲ ಅಂತ ನಾನೇ ಬಿಟ್ಟೆ. ತಪ್ಪು ಮಾಡಿದೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತು ಪರಂಪರೆ ಅನ್ನೋದು ನನಗೆ ಸುಲಭ. ಕೊನೆಯ ಹೊಲದವನಿಗೆ ಅದು ಊಟದ ಪ್ರಶ್ನೆ.

ಎಂಜಿನಿಯರಿಂಗ್ ಲೆಕ್ಕದಲ್ಲಿ ಅವರ ಮಾತು ಸರಿ. ಲೈನಿಂಗ್ ಮಾಡಿದ್ರೆ ಸೋರಿಕೆ ಕಡಿಮೆ, ನೀರು ಬೇಗ ಮುಂದೆ ಹೋಗುತ್ತೆ. ಇನ್ನೊಂದು ಲೆಕ್ಕವೂ ಇದೆ. ಸೋರಿದ ನೀರೇ ಅಕ್ಕಪಕ್ಕದ ಬಾವಿಗೆ ಒರತೆ. ಕಾಂಕ್ರೀಟಿನ ಕೆಳಗೆ ಹೋದ ಕಲ್ಲು ಮತ್ತೆ ಮೇಲೆ ಬರಲ್ಲ. ಹಾಗಾಗಿ ಎಲ್ಲಾ ಕಡೆ ಒಂದೇ ಅಳತೆ ಕೋಲು ಬೇಡ. ಎಲ್ಲಿ ಹಳೇ ಕಲ್ಲಿನ ಕಟ್ಟಡ, ತೂಬು, ಒಡ್ಡು ಉಳಿದಿದೆಯೋ ಅಲ್ಲಿ ಅದೇ ಕಲ್ಲಲ್ಲಿ ದುರಸ್ತಿ ಮಾಡಿ. ಎಲ್ಲಿ ಬರೀ ಮಣ್ಣಿನ ದಡ ಕುಸಿದು ನೀರು ಪೋಲಾಗ್ತಿದೆಯೋ ಅಲ್ಲಿ ಲೈನಿಂಗ್ ಮಾಡಿ. ಏನೇ ಮಾಡೋ ಮುಂಚೆ ಅಳತೆ, ಫೋಟೋ, ನಕ್ಷೆ ದಾಖಲಾಗಲಿ. ಪುರಾತತ್ವದವರು, ನೀರಾವರಿಯವರು, ಹಂಪಿ ಪ್ರಾಧಿಕಾರದವರು ಒಂದೇ ಮೇಜಿಗೆ ಬರಲಿ. ಆ ಮೇಜಿನಲ್ಲಿ ಕೊನೆಯ ಹೊಲದ ರೈತನಿಗೂ ಒಂದು ಕುರ್ಚಿ ಇರಲಿ.

ಉತ್ಸವದ ವಿಚಾರಕ್ಕೂ ಒಂದು ಮಾತು. ಒಂದು ಬೆಳಗ್ಗೆಯನ್ನು ಕಾಲುವೆಗೆ ಕೊಡಿ. ಶಾಲೆ ಮಕ್ಕಳನ್ನು, ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಒಡ್ಡಿನಿಂದ ಹೊಲದವರೆಗೆ ನಡೆಸಿ. ದಾರಿ ತೋರಿಸೋಕೆ ರೈತರನ್ನೇ ಕರೀರಿ. ಪ್ರತಿ ಕಾಲುವೆಗೆ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿ, ಹೆಸರು ಬರೀರಿ. ಇದಕ್ಕೆ ಕೋಟಿಗಟ್ಟಲೆ ದುಡ್ಡೇನೂ ಬೇಕಿಲ್ಲ.

ಕಾಲುವೆ ಇಷ್ಟು ಶತಮಾನ ಉಳಿದಿದ್ದು ಸುತ್ತ ಬೇಲಿ ಹಾಕಿದ್ದಕ್ಕಲ್ಲ. ಹೂಳು ತೆಗೆಯೋರು, ನೀರು ಕಟ್ಟೋರು, ನೀರಿಗಾಗಿ ಜಗಳ ಆಡೋರು ದಡದ ಮೇಲೆ ಇದ್ದರು, ಅದಕ್ಕೆ ಉಳೀತು. ಆ ಜನ ಬೇಸಾಯ ಬಿಟ್ಟು ಹೊರಟರೆ ಬೋರ್ಡು, ಲೈಟು ಯಾವುದೂ ಅದನ್ನ ಉಳಿಸಲ್ಲ.

ಮುಂದಿನ ಸಲ ಹಂಪಿಗೆ ಹೋದಾಗ, ಕಲ್ಲಿನ ರಥದ ಮುಂದೆ ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ವಾಪಸ್ ಬರುವಾಗ ಐದು ನಿಮಿಷ ತುರ್ತು ಕಾಲುವೆ ದಡದಲ್ಲಿ ನಿಲ್ಲಿ. ಕೈಲಿರೋ ಖಾಲಿ ಬಾಟಲಿಯನ್ನು ದಯವಿಟ್ಟು ಬ್ಯಾಗಿಗೆ ಹಾಕ್ಕೊಳ್ಳಿ. ಆ ನೀರು ಇನ್ನೂ ತುಂಬಾ ದೂರ ಹೋಗಬೇಕು. ಕೊನೆಯಲ್ಲಿ ಒಬ್ಬರು ಯಜಮಾನರು ಕಾಯ್ತಾ ಇದ್ದಾರೆ.