ಜೆಡ್ಡಾದ ಆಟಗಾರ್ತಿ

ಫರಾಹ್ ಜಫ್ರಿ ಎಂಬ ಹೆಸರು ನಿಮಗೆ ಅಪರಿಚಿತವಿರಬಹುದು. ಸೌದಿ ಅರೇಬಿಯಾದ ಜೆಡ್ಡಾ ನಗರದ ಈ ಯುವತಿ ಫುಟ್‌ಬಾಲ್ ಆಟಗಾರ್ತಿ; ಮೈದಾನದ ನಡುವೆ ನಿಂತು ಆಟವನ್ನು ಹೆಣೆಯುವ ಸ್ಥಾನ ಈಕೆಯದು.

ಈಕೆ ಬಾಲಕಿಯಾಗಿದ್ದಾಗ ಅಲ್ಲಿನ ಸರ್ಕಾರಿ ಹೆಣ್ಣುಮಕ್ಕಳ ಶಾಲೆಗಳಲ್ಲಿ ವ್ಯಾಯಾಮದ ಪಾಠವೇ ಇರಲಿಲ್ಲ. ಅದಕ್ಕೆ ಅಪ್ಪಣೆ ದೊರೆತದ್ದು 2017ರಲ್ಲಿ. ಕ್ರೀಡಾಂಗಣದಲ್ಲಿ ಕುಳಿತು ಫುಟ್‌ಬಾಲ್ ಪಂದ್ಯ ನೋಡಲು ಹೆಂಗಸರನ್ನು ಬಿಟ್ಟದ್ದು 2018ರ ಜನವರಿಯಲ್ಲಿ, ಮೊದಲಿಗೆ ಜೆಡ್ಡಾದಲ್ಲೇ. ಅಲ್ಲಿಯವರೆಗೆ ಹುಡುಗಿಯರು ಆಡುತ್ತಲೇ ಇರಲಿಲ್ಲವೆಂದು ತಿಳಿಯಬೇಡಿ. ಗೋಡೆಯ ಮರೆಯಲ್ಲಿ, ಖಾಸಗಿ ತಂಡಗಳಲ್ಲಿ ಆಡುತ್ತಿದ್ದರು. ನೋಡುವವರು ಇರಲಿಲ್ಲ, ಅಷ್ಟೆ.

ಅಧಿಕೃತ ಮಹಿಳಾ ಲೀಗ್ ಆರಂಭವಾದದ್ದು 2020ರ ನವೆಂಬರ್‌ನಲ್ಲಿ. ಫರಾಹ್ ಜೆಡ್ಡಾ ಈಗಲ್ಸ್ ತಂಡದಲ್ಲಿ ಆಡಿ, ಆಮೇಲೆ ಹೆಸರಾಂತ ಅಲ್ ಇತ್ತಿಹಾದ್ ಕ್ಲಬ್ಬಿನ ಮಹಿಳಾ ತಂಡ ಸೇರಿದರು. ಅನುಸರಿಸಲು ಹಿರಿಯ ಆಟಗಾರ್ತಿಯರ ದಾರಿಯೇ ಇಲ್ಲದ ಕಡೆ ಇದು ಸಣ್ಣ ಮಾತಲ್ಲ.

ಆದರೆ ಎಲ್ಲವೂ ಸಲೀಸಾಯಿತೆನ್ನಲು ನನಗೆ ಮನಸ್ಸಿಲ್ಲ. ಕ್ರೀಡಾಂಗಣದ ಬಾಗಿಲು ತೆರೆದ ವರ್ಷದಲ್ಲೇ, 2018ರ ಮೇ ತಿಂಗಳಲ್ಲಿ, ಮಹಿಳೆಯರ ಹಕ್ಕು ಕೇಳಿದ ಹಲವರು ಅಲ್ಲಿ ಬಂಧನಕ್ಕೊಳಗಾದರು.

ದೇಶದ ಮಹಿಳಾ ತಂಡ ತನ್ನ ಮೊದಲ ಅಂತಾರಾಷ್ಟ್ರೀಯ ಪಂದ್ಯವನ್ನು 2022ರ ಫೆಬ್ರವರಿ 20ರಂದು ಮಾಲ್ಡೀವ್ಸ್‌ನ ಮಾಲೆಯಲ್ಲಿ ಆಡಿತು. ತರಬೇತುದಾರರು ಜರ್ಮನಿಯ ಮೋನಿಕಾ ಸ್ಟಾಬ್. ಎದುರಾಳಿ ಸೀಶೆಲ್ಸ್. ಸೌದಿ ಹುಡುಗಿಯರು 2-0ಯಿಂದ ಗೆದ್ದರು.